ಪ್ರೋಟೀನಿಗೆ ಅಂಟುವ ಕೊಬ್ಬು, ಬಾಣಲೆಯ ಎಣ್ಣೆ: ಗೊಂದಲದ ಎಳೆ ಬಿಡಿಸಿದಾಗ

ಬಿಸ್ಕತ್ತು, ಚಿಪ್ಸ್ ಪೊಟ್ಟಣಗಳ ಮೇಲೆ ‘ತಾಳೆ ಎಣ್ಣೆ ಬಳಸಿಲ್ಲ’ ಎಂಬ ಸಾಲು ಈಗ ದೊಡ್ಡ ಅಕ್ಷರದಲ್ಲಿ ಕಾಣುತ್ತಿದೆ. ಜೊತೆಗೆ ‘ತಾಳೆ ಎಣ್ಣೆಯ ಪಾಲ್ಮಿಟಿಕ್ ಆಮ್ಲ ಕ್ಯಾನ್ಸರ್ ಹರಡಿಸುತ್ತದೆ’ ಎಂಬ ಸಂದೇಶ ಒಂದು ವಾಟ್ಸ್‌ಆ್ಯಪ್ ಗುಂಪಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇದೆ. ಇತ್ತ ವಿಜ್ಞಾನದ ಸುದ್ದಿಗಳಲ್ಲಿ ಬೇರೊಂದು ಮಾತು: ಪ್ರೋಟೀನುಗಳಿಗೆ ಪಾಲ್ಮಿಟಿಕ್ ಆಮ್ಲ (ಕೊಬ್ಬು, ಎಣ್ಣೆಗಳ ಘಟಕವಾದ ಒಂದು ಕೊಬ್ಬಿನಾಮ್ಲ) ಅಂಟಿಕೊಳ್ಳುವ ‘ಪಾಲ್ಮಿಟಾಯ್ಲೇಷನ್’ ಎಂಬ ಕ್ರಿಯೆಯನ್ನು ತಡೆದರೆ ಕೆಲವು ಕ್ಯಾನ್ಸರ್‌ಗಳನ್ನು ಹತೋಟಿಗೆ ತರಬಹುದು.

ಈ ಮೂರನ್ನೂ ಒಟ್ಟಿಗೆ ಓದಿದವರು ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ: ನಾವು ತಿಂದ ಎಣ್ಣೆಯ ಕೊಬ್ಬು ದೇಹದ ಪ್ರೋಟೀನುಗಳಿಗೆ ಮೆತ್ತಿಕೊಂಡು ಅವನ್ನು ಕೆಡಿಸುತ್ತದೆ, ಅದರಿಂದ ಕ್ಯಾನ್ಸರ್ ಬರುತ್ತದೆ. ಕೇಳಲು ತರ್ಕಬದ್ಧವಾಗಿಯೇ ಇದೆ. ಆದರೆ ಈ ಸರಪಳಿಯ ನಡುವಿನ ಕೊಂಡಿ ನಿಲ್ಲುವುದಿಲ್ಲ. ಅದು ಯಾಕೆ ನಿಲ್ಲುವುದಿಲ್ಲ ಎಂದು ತಿಳಿಯಲು, ಪ್ರೋಟೀನಿಗೆ ಕೊಬ್ಬು ಅಂಟುವುದೆಂದರೇನು ಎಂಬಲ್ಲಿಂದ ಶುರುಮಾಡಬೇಕು.

ಹೆಸರಿನಿಂದಲೇ ಹುಟ್ಟಿದ ತೊಡಕು

1840ರಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿ ಎಡ್ಮಂಡ್ ಫ್ರೆಮಿ ತಾಳೆ ಎಣ್ಣೆಯಿಂದ ಸಾಬೂನು ತಯಾರಿಸುವ ವಿಧಾನದಲ್ಲಿ ಒಂದು ಆಮ್ಲವನ್ನು ಬೇರ್ಪಡಿಸಿದ. ತಾಳೆ ಅಂದರೆ ಪಾಮ್, ಹಾಗಾಗಿ ಅದು ಪಾಲ್ಮಿಟಿಕ್ ಆಮ್ಲವಾಯಿತು. ಮರುವರ್ಷ ಲಯನ್ ಪ್ಲೇಫೇರ್ ಜಾಯಿಕಾಯಿಯ ಕೊಬ್ಬಿನಿಂದ ಇನ್ನೊಂದನ್ನು ತೆಗೆದ. ಜಾಯಿಕಾಯಿಯ ಸಸ್ಯಕುಲದ ಹೆಸರು ಮಿರಿಸ್ಟಿಕ, ಆ ಆಮ್ಲ ಮಿರಿಸ್ಟಿಕ್ ಆಮ್ಲ. ನಮ್ಮ ಮಲೆನಾಡಿನ ರಾಮಪತ್ರೆಯೂ ಅದೇ ಕುಲದ್ದು.

ಇವು ಮೊದಲು ಸಿಕ್ಕಿದ ಜಾಗದ ಹೆಸರುಗಳು, ಅಷ್ಟೇ. ಪಾಲ್ಮಿಟಿಕ್ ಆಮ್ಲ 16 ಇಂಗಾಲದ ಪರಮಾಣುಗಳ ಸರಪಳಿ, ಮಿರಿಸ್ಟಿಕ್ ಆಮ್ಲ 14ರದ್ದು. ತಾಳೆ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು 44 ಶೇಕಡಾ ಪಾಲ್ಮಿಟಿಕ್ ಎಂಬುದು ನಿಜ. ತುಪ್ಪದಲ್ಲಿಯೂ ಅದು ಕಾಲುಭಾಗದಷ್ಟಿರುತ್ತದೆ, ಶೇಂಗಾ ಎಣ್ಣೆಯಲ್ಲಿ ಸುಮಾರು ಹತ್ತನೇ ಒಂದು ಭಾಗ. ತಾಯಿಯ ಎದೆಹಾಲಿನ ಕೊಬ್ಬಿನಲ್ಲಿ 20ರಿಂದ 25 ಶೇಕಡಾ ಇದೇ ಆಮ್ಲ. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ ನಮ್ಮ ದೇಹವೇ ಇದನ್ನು ತಯಾರಿಸುತ್ತದೆ. ಅನ್ನ, ಸಕ್ಕರೆ ಹೆಚ್ಚಾದಾಗ ಯಕೃತ್ತು ಅದನ್ನು ಕೊಬ್ಬಾಗಿ ಪರಿವರ್ತಿಸುತ್ತದಲ್ಲ, ಆ ಕೆಲಸ ಮಾಡುವ ಕಿಣ್ವದ ಮುಖ್ಯ ಉತ್ಪನ್ನವೇ ಪಾಲ್ಮಿಟಿಕ್ ಆಮ್ಲ. ಜೀವನದಲ್ಲಿ ಒಂದು ಹನಿ ತಾಳೆ ಎಣ್ಣೆ ಮುಟ್ಟದವರ ಮೈಯಲ್ಲೂ ಅದು ಧಾರಾಳವಾಗಿ ಇರುತ್ತದೆ.

ಅಂಟಿಕೊಂಡರೆ ಏನಾಗುತ್ತದೆ?

ಜೀವಕೋಶದ ಒಳಗು ಬಹುಪಾಲು ನೀರು. ಅದರ ಸುತ್ತಲಿನ ಪೊರೆ, ಒಳಗಿನ ಅಂಗಕಗಳ (ಕೋಶದ ಪುಟ್ಟ ಅಂಗಗಳ) ಪೊರೆ, ಎಲ್ಲವೂ ಕೊಬ್ಬು. ಪ್ರೋಟೀನುಗಳಲ್ಲಿ ಅನೇಕವು ನೀರಿನಲ್ಲಿ ತೇಲಾಡುವಂಥವು. ಆದರೆ ಹೊರಗಿನಿಂದ ಬರುವ ಸಂಕೇತಗಳನ್ನು ಹಿಡಿದು ಒಳಕ್ಕೆ ದಾಟಿಸುವ ಪ್ರೋಟೀನುಗಳಿಗೆ ಕೆಲಸವಿರುವುದು ಪೊರೆಯ ಹತ್ತಿರ. ಅವು ಅಲ್ಲಿ ನಿಲ್ಲುವುದು ಹೇಗೆ? ಒಂದು ಉಪಾಯ: ಪ್ರೋಟೀನಿನ ತುದಿಗೋ ಮಗ್ಗುಲಿಗೋ ಕೊಬ್ಬಿನಾಮ್ಲದ ಒಂದು ಬಾಲ ಕಟ್ಟುವುದು. ಎಣ್ಣೆ ಎಣ್ಣೆಯನ್ನೇ ಸೇರುತ್ತದೆ. ಆ ಬಾಲ ಪೊರೆಯ ಕೊಬ್ಬಿನೊಳಗೆ ತೂರಿಕೊಳ್ಳುತ್ತದೆ, ಪ್ರೋಟೀನು ದಡದ ಗೂಟಕ್ಕೆ ಕಟ್ಟಿದ ದೋಣಿಯಂತೆ ಅಲ್ಲೇ ನಿಲ್ಲುತ್ತದೆ.

1979ರಲ್ಲಿ ಮೈಕೆಲ್ ಶ್ಮಿಟ್ ಮತ್ತು ಮಿಲ್ಟನ್ ಶ್ಲೆಸಿಂಜರ್ ದನಗಳಿಗೆ ತಗಲುವ ಒಂದು ವೈರಸ್ಸಿನ ಪ್ರೋಟೀನಿನಲ್ಲಿ ಇಂಥ ಕೊಬ್ಬಿನಾಮ್ಲ ಗಟ್ಟಿಯಾಗಿ ಬೆಸೆದುಕೊಂಡಿರುವುದನ್ನು ತೋರಿಸಿದರು. ಮೂರು ವರ್ಷದ ನಂತರ ಮಿರಿಸ್ಟಿಕ್ ಆಮ್ಲ ಅಂಟಿದ ಪ್ರೋಟೀನುಗಳು ಪತ್ತೆಯಾದವು. ಈಗಿನ ಲೆಕ್ಕದ ಪ್ರಕಾರ ಮನುಷ್ಯನ ಪ್ರೋಟೀನುಗಳಲ್ಲಿ ಸುಮಾರು ಹತ್ತರಲ್ಲಿ ಒಂದಕ್ಕೆ ಪಾಲ್ಮಿಟಿಕ್ ಆಮ್ಲದ ಬಾಲ ಬೀಳುತ್ತದೆ.

ಎರಡರ ಸ್ವಭಾವ ಬೇರೆ. ಮಿರಿಸ್ಟಿಕ್ ಆಮ್ಲ ಪ್ರೋಟೀನಿನ ಮೊದಲ ತುದಿಯಲ್ಲಿರುವ ಗ್ಲೈಸೀನ್ ಎಂಬ ಅಮೈನೋ ಆಮ್ಲಕ್ಕೆ (ಪ್ರೋಟೀನೆಂಬ ಸರಪಳಿಯ ಒಂದು ಕೊಂಡಿಗೆ) ಅಂಟುತ್ತದೆ. ಒಮ್ಮೆ ಅಂಟಿದರೆ ಸಾಮಾನ್ಯವಾಗಿ ಆ ಪ್ರೋಟೀನು ಸಾಯುವವರೆಗೂ ಇರುತ್ತದೆ. ಆದರೆ ಅದೊಂದರ ಹಿಡಿತ ಸಡಿಲ, ಪೊರೆಯಲ್ಲಿ ಭದ್ರವಾಗಿ ನಿಲ್ಲಲು ಇನ್ನೊಂದು ಆಸರೆ ಬೇಕು. ಪಾಲ್ಮಿಟಿಕ್ ಆಮ್ಲ ಗಂಧಕವಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟುತ್ತದೆ, ಹಿಡಿತ ಬಿಗಿ. ಆದರೂ ಬೇಕೆಂದಾಗ ಅದನ್ನು ಕಳಚಬಹುದು. ಅಂಟಿಸಲು ಮನುಷ್ಯನ ಕೋಶಗಳಲ್ಲಿ 23 ಕಿಣ್ವಗಳಿವೆ, ಕಳಚಲು ಬೇರೆಯದೇ ಒಂದು ತಂಡವಿದೆ. ಈ ‘ಅಂಟಿಸು-ಕಳಚು’ ಆಟವೇ ಇಡೀ ವಿಷಯದ ತಿರುಳು.

ಜಾಗ ತಪ್ಪಿದರೆ ಕೆಲಸವೇ ಇಲ್ಲ ಎಂಬುದಕ್ಕೆ ಹಳೆಯ, ಆದರೆ ತುಂಬ ಸ್ಪಷ್ಟವಾದ ಒಂದು ಪುರಾವೆ ಇದೆ. ಕೋಳಿಗಳಲ್ಲಿ ಗಡ್ಡೆ ಎಬ್ಬಿಸುವ ವೈರಸ್ಸನ್ನು ಪೇಟನ್ ರೌಸ್ 1911ರಲ್ಲಿ ವರದಿ ಮಾಡಿದ್ದ. ಆ ವೈರಸ್ಸಿನ ‘ಸಾರ್ಕ್’ ಎಂಬ ಪ್ರೋಟೀನು ಕೋಶಗಳನ್ನು ಕ್ಯಾನ್ಸರ್ ಕಡೆಗೆ ತಿರುಗಿಸುತ್ತದೆ. 1985ರ ಸುಮಾರಿಗೆ ಸಂಶೋಧಕರು ಅದಕ್ಕೆ ಮಿರಿಸ್ಟಿಕ್ ಆಮ್ಲ ಅಂಟದ ಹಾಗೆ ಮಾಡಿ ನೋಡಿದರು. ಪ್ರೋಟೀನಿನ ರಾಸಾಯನಿಕ ಸಾಮರ್ಥ್ಯ ಹಾಗೇ ಇತ್ತು. ಆದರೂ ಅದು ಪೊರೆಗೆ ಹೋಗಿ ನಿಲ್ಲಲಿಲ್ಲ, ಕೋಶ ಕ್ಯಾನ್ಸರ್ ಕಡೆಗೆ ತಿರುಗಲಿಲ್ಲ.

ರಾಸ್ ಎಂಬ ಪ್ರೋಟೀನಿನ ತಿರುಗಾಟ

‘ಬೆಳೆ, ಇಬ್ಭಾಗವಾಗು’ ಎಂದು ಕೋಶಕ್ಕೆ ಹೇಳುವ ರಾಸ್ ಪ್ರೋಟೀನುಗಳನ್ನು ಹತ್ತಿರದಿಂದ ನೋಡಿದರೆ ಈ ಆಟ ಕಣ್ಣಿಗೆ ಕಟ್ಟುತ್ತದೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ರಾಸ್ ಕುಟುಂಬದ ಜೀನುಗಳು ಕೆಟ್ಟಿರುತ್ತವೆ.

ಈ ಕುಟುಂಬದ ಎನ್-ರಾಸ್ ಎಂಬ ಪ್ರೋಟೀನು ತಯಾರಾದೊಡನೆ ಅದಕ್ಕೆ ಫಾರ್ನೆಸಿಲ್ ಎಂಬ 15 ಇಂಗಾಲದ ಬಾಲ ಬೀಳುತ್ತದೆ. (ಇದು ಕೊಬ್ಬಿನಾಮ್ಲವಲ್ಲ, ಕೊಲೆಸ್ಟೆರಾಲ್ ತಯಾರಾಗುವ ಹಾದಿಯಲ್ಲಿ ಸಿಗುವ ಬೇರೆ ಜಾತಿಯ ಸರಪಳಿ.) ಈ ಬಾಲ ದುರ್ಬಲ. ಹಾಗಾಗಿ ಎನ್-ರಾಸ್ ಕೋಶದೊಳಗೆ ಈ ಪೊರೆ ಮುಟ್ಟಿ ಆ ಪೊರೆ ಮುಟ್ಟಿ ಅಲೆಯುತ್ತದೆ. ಅಲೆಯುತ್ತ ಗಾಲ್ಜಿ ಎಂಬ ಅಂಗಕಕ್ಕೆ ಬಂದಾಗ ಅಲ್ಲಿನ ಕಿಣ್ವ ಅದಕ್ಕೆ ಪಾಲ್ಮಿಟಿಕ್ ಆಮ್ಲ ಅಂಟಿಸುತ್ತದೆ. ಈಗ ಹಿಡಿತ ಬಿಗಿಯಾಯಿತು, ಬೇರೆಡೆ ಜಾರುವಂತಿಲ್ಲ. ಗಾಲ್ಜಿಯಿಂದ ಹೊರಟ ಸಣ್ಣ ಚೀಲಗಳೊಂದಿಗೆ ಅದು ಕೋಶದ ಹೊರಪೊರೆಗೆ ಸಾಗುತ್ತದೆ, ಅಲ್ಲಿ ಸಂಕೇತ ದಾಟಿಸುತ್ತದೆ. ಅಷ್ಟರಲ್ಲಿ ಇನ್ನೊಂದು ಕಿಣ್ವ ಬಂದು ಪಾಲ್ಮಿಟಿಕ್ ಬಾಲವನ್ನು ಕತ್ತರಿಸುತ್ತದೆ. ಹಿಡಿತ ಸಡಿಲವಾಗಿ ರಾಸ್ ಮತ್ತೆ ಅಲೆಯಲು ಹೊರಡುತ್ತದೆ, ಮತ್ತೆ ಗಾಲ್ಜಿಗೆ ಸಿಕ್ಕಿಬೀಳುತ್ತದೆ. ಪ್ರೋಟೀನಿನ ಆಯಸ್ಸು ಸುಮಾರು ಒಂದು ದಿನ, ಬಾಲ ಇರುವುದು ಇಪ್ಪತ್ತು ನಿಮಿಷದ ಆಸುಪಾಸು. ಅಂದರೆ ಒಂದೇ ಎನ್-ರಾಸ್ ದಿನವಿಡೀ ಈ ಸುತ್ತನ್ನು ಮತ್ತೆ ಮತ್ತೆ ಹಾಕುತ್ತದೆ. 2005ರಲ್ಲಿ ಜರ್ಮನಿಯ ವಿಜ್ಞಾನಿಗಳ ತಂಡ ಈ ಸುತ್ತನ್ನು ಜೀವಂತ ಕೋಶಗಳಲ್ಲೇ ಸೂಕ್ಷ್ಮದರ್ಶಕದಡಿ ಹಿಂಬಾಲಿಸಿ ತೋರಿಸಿತು.

ಇಲ್ಲಿ ಗಮನಿಸಬೇಕಾದದ್ದು ಪಾಲ್ಮಿಟಿಕ್ ಆಮ್ಲದ ಪಾತ್ರ. ಅದು ಪ್ರೋಟೀನನ್ನು ಕೆಡಿಸುತ್ತಿಲ್ಲ, ಯಾವ ಹೊತ್ತಿಗೆ ಎಲ್ಲಿರಬೇಕು ಎಂದು ಹೇಳುತ್ತಿದೆ. ರಾಸ್‌ನಿಂದ ಕ್ಯಾನ್ಸರ್ ಬರುವುದು ಅದರ ಜೀನು ಕೆಟ್ಟಾಗ. ಬಾಲ ಆ ಕೆಟ್ಟ ರಾಸ್‌ಗೂ ಒಳ್ಳೆಯ ರಾಸ್‌ಗೂ ಒಂದೇ ರೀತಿ ಬೀಳುತ್ತದೆ.

ಕಳಚಲಾಗದಿದ್ದರೆ

ಅಂಟುವುದೇ ಕೆಡುಕು ಎನ್ನುವವರು ಮಿದುಳಿನ ಕಡೆ ನೋಡಬೇಕು. ನರಕೋಶಗಳು ಒಂದಕ್ಕೊಂದು ಸಂದೇಶ ಕೊಡುವ ಸಂಧಿಗಳಲ್ಲಿ ಗ್ರಾಹಕಗಳನ್ನು (ಸಂದೇಶ ಹಿಡಿಯುವ ಪ್ರೋಟೀನುಗಳನ್ನು) ಹಿಡಿದಿಡುವ ಮುಖ್ಯ ಪ್ರೋಟೀನಿಗೆ ಪಾಲ್ಮಿಟಿಕ್ ಬಾಲ ಬೇಕೇ ಬೇಕು. ಅಂಟಿಸುವ 23 ಕಿಣ್ವಗಳಲ್ಲಿ ಒಂಬತ್ತನೆಯದರ ಜೀನು ಕೆಟ್ಟ ಕುಟುಂಬಗಳಲ್ಲಿ ಗಂಡುಮಕ್ಕಳಿಗೆ ಬುದ್ಧಿಮಾಂದ್ಯ ಬರುತ್ತದೆಂದು 2007ರಲ್ಲಿ ತಿಳಿಯಿತು.

ಇದರ ತದ್ವಿರುದ್ಧ ದಿಕ್ಕಿನಲ್ಲಿ, ಕಳಚುವ ಕಿಣ್ವ ಇಲ್ಲದೇ ಹೋದರೂ ಅನಾಹುತವೇ. ಫಿನ್ಲೆಂಡಿನಲ್ಲಿ ಹೆಚ್ಚು ಕಂಡುಬಂದ ಒಂದು ಕಾಯಿಲೆಯಲ್ಲಿ ಮಗು ಹುಟ್ಟಿದಾಗ ಆರೋಗ್ಯವಾಗಿಯೇ ಇರುತ್ತದೆ. ವರ್ಷ ತುಂಬುವ ಹೊತ್ತಿಗೆ ಕಲಿತದ್ದು ಒಂದೊಂದಾಗಿ ಕಳೆದುಹೋಗಲು ತೊಡಗುತ್ತದೆ. ನಿಲ್ಲುವುದು, ಮಾತು, ಕೊನೆಗೆ ದೃಷ್ಟಿ. 1995ರಲ್ಲಿ ಕಾರಣ ಸಿಕ್ಕಿತು: ಹಳೆಯ ಪ್ರೋಟೀನುಗಳನ್ನು ಒಡೆಯುವ ಅಂಗಕದೊಳಗೆ ಪಾಲ್ಮಿಟಿಕ್ ಬಾಲವನ್ನು ತೆಗೆಯುವ ಕಿಣ್ವದ ಜೀನು ಆ ಮಕ್ಕಳಲ್ಲಿ ಕೆಟ್ಟಿರುತ್ತದೆ. ತೆಗೆಯಬೇಕಾದದ್ದು ತೆಗೆಯಲಾಗದೆ ಕಸ ನರಕೋಶದಲ್ಲಿ ತುಂಬುತ್ತದೆ, ಕೋಶ ಸಾಯುತ್ತದೆ. ಈ ಮಕ್ಕಳ ಕಾಯಿಲೆಗೂ ಮನೆಯಲ್ಲಿ ಬಳಸಿದ ಎಣ್ಣೆಗೂ ಸಂಬಂಧವೇ ಇಲ್ಲ.

ವೈರಸ್ಸುಗಳೂ ಈ ವ್ಯವಸ್ಥೆಯನ್ನು ಬಳಸಿಕೊಳ್ಳುತ್ತವೆ. ಎಚ್‌ಐವಿಯ ಒಳಕವಚ ಕಟ್ಟುವ ಪ್ರೋಟೀನಿಗೆ ಮಿರಿಸ್ಟಿಕ್ ಬಾಲ ಇಲ್ಲದಿದ್ದರೆ ಹೊಸ ವೈರಸ್ಸು ಜೋಡಣೆಯಾಗುವುದಿಲ್ಲ. ಕೋವಿಡ್ ವೈರಸ್ಸಿನ ಮುಳ್ಳಿನ ಬುಡದಲ್ಲಿ ಪಾಲ್ಮಿಟಿಕ್ ಆಮ್ಲ ಅಂಟಬಲ್ಲ ಹತ್ತು ಸಿಸ್ಟೀನುಗಳಿವೆ. ಅಂಟಿಸಿಕೊಡುವುದು ನಮ್ಮದೇ ಕೋಶದ ಕಿಣ್ವ.

ಬಾಣಲೆಯಿಂದ ಪ್ರೋಟೀನಿನವರೆಗೆ ದಾರಿ ಇದೆಯೇ?

ಈಗ ಮುಖ್ಯ ಪ್ರಶ್ನೆ. ಹೆಚ್ಚು ಪಾಲ್ಮಿಟಿಕ್ ಆಮ್ಲ ತಿಂದರೆ ಹೆಚ್ಚು ಪ್ರೋಟೀನುಗಳಿಗೆ ಅದು ಅಂಟುತ್ತದೆಯೇ?

ಅಂಗಳದಲ್ಲಿ ಇಟ್ಟಿಗೆ ರಾಶಿ ಎಷ್ಟೇ ದೊಡ್ಡದಿರಲಿ, ಗೋಡೆ ಏಳುವುದು ಮೇಸ್ತ್ರಿ ಇಟ್ಟ ಕಡೆಗೆ ಮಾತ್ರ. ಯಾವ ಪ್ರೋಟೀನಿಗೆ, ಯಾವ ಜಾಗದಲ್ಲಿ ಬಾಲ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಿಣ್ವಗಳು. ಇನ್ನು ರಾಶಿಯಾದರೂ ತಿಂದಷ್ಟೂ ಬೆಳೆಯುತ್ತದೆಯೇ ಎಂದರೆ ಅದೂ ಇಲ್ಲ. ಹೆಚ್ಚಾದ ಪಾಲ್ಮಿಟಿಕ್ ಆಮ್ಲವನ್ನು ಕೋಶ ಉರಿಸುತ್ತದೆ, ಉದ್ದ ಮಾಡಿ ಬೇರೆ ಆಮ್ಲವಾಗಿಸುತ್ತದೆ, ಅಪರ್ಯಾಪ್ತ (ಅನ್‌ಸ್ಯಾಚುರೇಟೆಡ್) ಆಮ್ಲವಾಗಿಸುತ್ತದೆ, ಇಲ್ಲವೇ ಕೊಬ್ಬಿನ ಹನಿಯಲ್ಲಿ ಕೂಡಿಡುತ್ತದೆ. ತಿಂದದ್ದು ಕಡಿಮೆಯಾದರೆ ತಾನೇ ತಯಾರಿಸಿಕೊಳ್ಳುತ್ತದೆ.

ಇಲಿಗಳ ಮೇಲಿನ ಒಂದು ಪ್ರಯೋಗ ಇದನ್ನು ಇನ್ನಷ್ಟು ನಿಚ್ಚಳ ಮಾಡುತ್ತದೆ. ರಕ್ತನಾಳದ ಒಳಪದರದ ಕೋಶಗಳಲ್ಲಿ ಕೊಬ್ಬಿನಾಮ್ಲ ತಯಾರಿಸುವ ಕಿಣ್ವವನ್ನಷ್ಟೇ ಇಲ್ಲವಾಗಿಸಿದರು. ಆಹಾರದಲ್ಲಿ ಕೊಬ್ಬು ಇದ್ದೇ ಇತ್ತು, ರಕ್ತದಲ್ಲೂ ಹರಿಯುತ್ತಿತ್ತು. ಆದರೂ ರಕ್ತನಾಳವನ್ನು ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡ್ ತಯಾರಿಸುವ ಪ್ರೋಟೀನಿಗೆ ಪಾಲ್ಮಿಟಿಕ್ ಬಾಲ ಸರಿಯಾಗಿ ಬೀಳಲಿಲ್ಲ, ರಕ್ತನಾಳಗಳ ಆರೋಗ್ಯ ಕೆಟ್ಟಿತು. ಕರುಳಿನ ಲೋಳೆಪದರದ ಒಂದು ಪ್ರೋಟೀನಿನಲ್ಲೂ ಅದೇ ತಂಡ ಇಂಥದ್ದನ್ನೇ ಕಂಡಿತು. ಅಂದರೆ ಈ ಪ್ರೋಟೀನುಗಳಿಗೆ ಬೇಕಾದ ಪಾಲ್ಮಿಟಿಕ್ ಆಮ್ಲ ಆ ಕೋಶದ ಒಳಗೇ ತಯಾರಾಗಬೇಕು, ಊಟದಿಂದ ಬಂದದ್ದು ಅದರ ಜಾಗ ತುಂಬಲಿಲ್ಲ. ಪ್ರಯೋಗಾಲಯದ ಬಟ್ಟಲಲ್ಲಿ ಬೆಳೆಸಿದ ಕೋಶಗಳ ಮೇಲೆ ಪಾಲ್ಮಿಟಿಕ್ ಆಮ್ಲ ಸುರಿದಾಗ ಕೆಲವು ಪ್ರೋಟೀನುಗಳಲ್ಲಿ ಬಾಲ ಹೆಚ್ಚಾಗುವುದುಂಟು. ಆದರೆ ಬಟ್ಟಲಿಗೆ ಸುರಿದದ್ದನ್ನೂ ತಟ್ಟೆಯಲ್ಲಿ ಬಡಿಸಿದ್ದನ್ನೂ ಒಂದೇ ಎಂದು ಓದಬಾರದು.

ಊಟದ ಕೊಬ್ಬು ನೇರವಾಗಿ ಹೋಗಿ ಪ್ರೋಟೀನಿಗೆ ಅಂಟುವ ಉದಾಹರಣೆಯೇ ಇಲ್ಲವೆಂದಲ್ಲ. ಒಂದು ಸೊಗಸಾದದ್ದಿದೆ. ಹೊಟ್ಟೆಯಲ್ಲಿ ತಯಾರಾಗುವ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು 28 ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಅದರ ಮೂರನೆಯ ಕೊಂಡಿಗೆ ಎಂಟು ಇಂಗಾಲದ ಕೊಬ್ಬಿನಾಮ್ಲ ಅಂಟಿದರೆ ಮಾತ್ರ ಅದು ತನ್ನ ಗ್ರಾಹಕವನ್ನು ಎಬ್ಬಿಸಬಲ್ಲದು. ಜಪಾನಿನ ಸಂಶೋಧಕರು ಇಲಿಗಳಿಗೆ ಏಳು ಇಂಗಾಲದ ಕೊಬ್ಬು ತಿನ್ನಿಸಿದರು. ಪ್ರಾಣಿಗಳ ದೇಹದಲ್ಲಿ ಸಹಜವಾಗಿ ಕಾಣದ ಅಳತೆ ಅದು. ಕೆಲವೇ ದಿನಗಳಲ್ಲಿ ಇಲಿಗಳ ಹೊಟ್ಟೆಯಲ್ಲಿ ಏಳು ಇಂಗಾಲದ ಬಾಲವಿರುವ ಗ್ರೆಲಿನ್ ಕಾಣಿಸಿಕೊಂಡಿತು. ತಿಂದ ಕೊಬ್ಬೇ ಹೋಗಿ ಅಂಟಿದೆ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಎಂಟು ಇಂಗಾಲದ ಆಮ್ಲ ನಮ್ಮ ಕರಾವಳಿಯ ಅಡುಗೆಯ ಕೊಬ್ಬರಿ ಎಣ್ಣೆಯಲ್ಲಿ ಸ್ವಲ್ಪ ಇರುತ್ತದೆ. ಆದರೆ ಇದು ಒಂದು ಹಾರ್ಮೋನಿನ, ಒಂದು ಕಿಣ್ವದ, ದೇಹ ತಾನಾಗಿ ಹೆಚ್ಚು ತಯಾರಿಸದ ಚಿಕ್ಕ ಆಮ್ಲದ ಕಥೆ. ಇದನ್ನು ಎಳೆದು ಪಾಲ್ಮಿಟಿಕ್ ಆಮ್ಲಕ್ಕೆ ಹೊಂದಿಸಲಾಗದು.

ಹಾಗಾದರೆ ಇಲಿಗಳಲ್ಲಿ ಕ್ಯಾನ್ಸರ್ ಹರಡಿದ್ದು?

ವಾಟ್ಸ್‌ಆ್ಯಪ್ ಸಂದೇಶದ ಮೂಲದಲ್ಲಿ ನಿಜವಾದ ಸಂಶೋಧನೆ ಇದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಬಾರ್ಸಿಲೋನಾದ ಸಾಲ್ವಡೋರ್ ಅಜ್ನಾರ್ ಬೆನಿಟಾ ಅವರ ತಂಡ 2017ರಲ್ಲಿ, ಮತ್ತೆ 2021ರಲ್ಲಿ ಪ್ರಕಟಿಸಿದ್ದು. ಬಾಯಿಯ ಕ್ಯಾನ್ಸರ್ ಮತ್ತು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಮಾನವ ಕೋಶಗಳನ್ನು ಇಲಿಗಳಿಗೆ ಸೇರಿಸಿ, ಪಾಲ್ಮಿಟಿಕ್ ಆಮ್ಲ ಹೆಚ್ಚಿರುವ ಆಹಾರ ಕೊಟ್ಟರು. ಗಡ್ಡೆ ದೇಹದ ಬೇರೆ ಕಡೆಗೆ ಹರಡುವುದು ಹೆಚ್ಚಾಯಿತು. ಒಲಿಯಿಕ್, ಲಿನೋಲಿಯಿಕ್ ಆಮ್ಲಗಳಿಂದ ಹಾಗಾಗಲಿಲ್ಲ. ಆ ಗಡ್ಡೆಯ ಕೋಶಗಳನ್ನು ತೆಗೆದು ಮಾಮೂಲಿ ಆಹಾರದ ಇಲಿಗಳಿಗೆ ಹಾಕಿದರೂ ಹರಡುವ ಗುಣ ಉಳಿದುಕೊಂಡಿತ್ತು.

ಆದರೆ ಯಾವ ದಾರಿಯಿಂದ? ಕೊಬ್ಬಿನಾಮ್ಲವನ್ನು ಒಳಕ್ಕೆ ಎಳೆದುಕೊಳ್ಳುವ ಸಿಡಿ36 ಎಂಬ ಪೊರೆಯ ಪ್ರೋಟೀನು, ಡಿಎನ್ಎ ಸುತ್ತಿಕೊಂಡಿರುವ ಪ್ರೋಟೀನುಗಳ ಮೇಲಿನ ರಾಸಾಯನಿಕ ಗುರುತುಗಳು, ಗಡ್ಡೆಯ ಸುತ್ತಲಿನ ನರಗಳನ್ನು ಸುತ್ತಿ ಕಾಯುವ ಶ್ವಾನ್ ಕೋಶಗಳು. 2021ರ ಲೇಖನ ವಿವರಿಸಿದ ದಾರಿ ಇದು. ಪ್ರೋಟೀನುಗಳಿಗೆ ಪಾಲ್ಮಿಟಿಕ್ ಬಾಲ ಬೀಳುವುದರಿಂದ ಕ್ಯಾನ್ಸರ್ ಹರಡಿತು ಎಂದು ಆ ಲೇಖನ ಹೇಳಿಲ್ಲ. ಪಾಲ್ಮಿಟಿಕ್ ಆಮ್ಲ ಹೊಸದಾಗಿ ಕ್ಯಾನ್ಸರ್ ಹುಟ್ಟಿಸುತ್ತದೆ ಎಂದೂ ಹೇಳಿಲ್ಲ, ಇರುವ ಗಡ್ಡೆ ಹರಡುವುದರ ಬಗ್ಗೆ ಅದು ಮಾತಾಡಿತು, ಅದೂ ಇಲಿಗಳಲ್ಲಿ. ಬಾಯಿಯ ಕ್ಯಾನ್ಸರ್ ಇಷ್ಟೊಂದಿರುವ ನಮ್ಮ ದೇಶಕ್ಕೆ ಈ ಸಂಶೋಧನೆ ಮಹತ್ವದ್ದೇ. ಆದರೆ ನಮ್ಮಲ್ಲಿ ಆ ಕ್ಯಾನ್ಸರಿಗೆ ಮೊದಲ ಕಾರಣ ಹೊಗೆಸೊಪ್ಪು, ಗುಟ್ಕಾ, ಅಡಿಕೆ. ಎಣ್ಣೆಯ ಸುದ್ದಿ ಓದಿ ಅದನ್ನು ಮರೆಯುವಂತಿಲ್ಲ.

ಎರಡು ಪಾಳಯ, ಎರಡೂ ಅರ್ಧ ಸರಿ

ತಾಳೆ ಎಣ್ಣೆ ಬೇಡ ಎನ್ನುವವರ ವಾದಕ್ಕೆ ಬಲವಾದ ಆಧಾರ ಬೇರೆ ಕಡೆ ಇದೆ. ಅದರಲ್ಲಿ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು ಹೆಚ್ಚು, ಅದು ಕೆಟ್ಟ ಕೊಲೆಸ್ಟೆರಾಲ್ ಏರಿಸುತ್ತದೆ. ದಿನದ ಶಕ್ತಿಯಲ್ಲಿ ಪರ್ಯಾಪ್ತ ಕೊಬ್ಬಿನ ಪಾಲು 10 ಶೇಕಡಾ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 200 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಶುದ್ಧೀಕರಿಸುವಾಗ ಹುಟ್ಟುವ ಹಾನಿಕರ ವಸ್ತುಗಳಾದ ಗ್ಲೈಸಿಡಿಲ್ ಎಸ್ಟರ್‌ಗಳ ಬಗ್ಗೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಎಚ್ಚರಿಸಿತ್ತು, ತಾಳೆ ಎಣ್ಣೆಯಲ್ಲಿ ಅವು ಹೆಚ್ಚು ಕಂಡಿದ್ದವು. ಇವು ಹೃದಯ, ಶುದ್ಧೀಕರಣ ವಿಧಾನಕ್ಕೆ ಸಂಬಂಧಿಸಿದ ಮಾತು. ಪ್ರೋಟೀನಿಗೆ ಕೊಬ್ಬು ಅಂಟುವ ಮಾತಲ್ಲ.

ತಾಳೆ ಎಣ್ಣೆಯ ಪರ ಇರುವವರು ‘ಇದು ದೇಹವೇ ತಯಾರಿಸುವ ಆಮ್ಲ, ಎದೆಹಾಲಿನಲ್ಲೂ ಇದೆ’ ಎನ್ನುತ್ತಾರೆ. ನಿಜವೇ. ಆದರೆ ದೇಹ ಸಕ್ಕರೆಯನ್ನೂ ತಯಾರಿಸುತ್ತದೆ, ಅದರಿಂದ ಸಕ್ಕರೆ ಎಷ್ಟು ತಿಂದರೂ ಸರಿ ಎಂದಾಗುವುದಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡಿಕೊಳ್ಳುವ ದೇಶ ನಮ್ಮದು. ಇದನ್ನು ಇಲ್ಲೇ ಬೆಳೆಯಲೆಂದು ಕೇಂದ್ರ ಸರ್ಕಾರ 2021ರಲ್ಲಿ 11,040 ಕೋಟಿ ರೂಪಾಯಿಯ ಯೋಜನೆ ತಂದಿದೆ, ಕರ್ನಾಟಕದಲ್ಲೂ ತಾಳೆ ಬೆಳೆಗಾರರಿದ್ದಾರೆ. ಇಷ್ಟು ದೊಡ್ಡ ವಿಷಯದಲ್ಲಿ ಅವಸರದ ಹೆದರಿಕೆಯೂ ಅವಸರದ ಅಭಯವೂ ಜನರಿಗೆ ಉಪಕಾರ ಮಾಡುವುದಿಲ್ಲ.

ಔಷಧದ ಹಾದಿ

ಬಾಲ ಬೀಳದಂತೆ ತಡೆದು ಕ್ಯಾನ್ಸರನ್ನು ಹಣಿಯುವ ಆಸೆ ಹೊಸತಲ್ಲ. 1990ರ ದಶಕದಲ್ಲಿ ರಾಸ್‌ಗೆ ಫಾರ್ನೆಸಿಲ್ ಅಂಟದಂತೆ ಮಾಡುವ ಔಷಧಗಳು ಬಂದವು. ಅತಿ ಹೆಚ್ಚು ಕ್ಯಾನ್ಸರ್‌ಗಳಲ್ಲಿ ಕಾಣುವ ಕೆ-ರಾಸ್ 20 ಇಂಗಾಲದ ಬೇರೊಂದು ಬಾಲ ಹಾಕಿಸಿಕೊಂಡು ಪೊರೆ ಸೇರಿತು, ಆಸೆ ಕೈಕೊಟ್ಟಿತು. ಆದರೆ ಅದೇ ಔಷಧಗಳಲ್ಲಿ ಒಂದಾದ ಲೊನಾಫಾರ್ನಿಬ್‌ಗೆ 2020ರ ನವೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಮಕ್ಕಳಿಗೆ ಅಕಾಲ ಮುಪ್ಪು ತರುವ ಪ್ರೊಜೀರಿಯಾ ಕಾಯಿಲೆಗೆ.

ಪಾಲ್ಮಿಟಿಕ್ ಬಾಲದ ವಿಷಯದಲ್ಲಿ ತೊಡಕೆಂದರೆ ಅಂಟಿಸುವ 23 ಕಿಣ್ವಗಳೂ ಒಂದನ್ನೊಂದು ಹೋಲುತ್ತವೆ. ಒಂದನ್ನು ತಡೆಯಲು ಹೋಗಿ ಉಳಿದವನ್ನೂ ತಡೆದರೆ ಮಿದುಳು, ಹೃದಯಕ್ಕೆ ಏಟು. ಅದಕ್ಕಿಂತ ಭರವಸೆಯ ದಾರಿ ಕೋಶ ಬೆಳೆಸುವ ಜೀನುಗಳನ್ನು ಚಾಲೂ ಮಾಡುವ ಟೀಡ್ ಎಂಬ ಪ್ರೋಟೀನುಗಳದ್ದು. ಅವುಗಳಲ್ಲಿ ಪಾಲ್ಮಿಟಿಕ್ ಆಮ್ಲ ಪೊರೆಗೆ ಕಟ್ಟುವ ಬಾಲವಲ್ಲ, ಪ್ರೋಟೀನಿನ ಒಳಗಿನ ಒಂದು ಪೊಟರೆಯಲ್ಲಿ ಕುಳಿತು ಅದರ ಆಕಾರ ಕಾಯುತ್ತದೆ. ಆ ಪೊಟರೆಯಲ್ಲಿ ತಾನೇ ಹೋಗಿ ಕೂರುವ ಔಷಧಗಳು ಈಗ ರೋಗಿಗಳಲ್ಲಿ ಪರೀಕ್ಷೆಯ ಹಂತದಲ್ಲಿವೆ, ಮುಖ್ಯವಾಗಿ ಕಲ್ನಾರಿನ ದೂಳಿನಿಂದ ಬರುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರಿಗೆ.

ಇನ್ನೊಂದು ಕಡೆ ಕೊಬ್ಬಿನಾಮ್ಲವನ್ನು ಬೇಕೆಂದೇ ಅಂಟಿಸಿ ಮಾಡಿದ ಔಷಧಗಳಿವೆ. ಜಿಎಲ್‌ಪಿ-1 ಎಂಬ, ಊಟವಾದಾಗ ಕರುಳು ಬಿಡುವ ಹಾರ್ಮೋನು ರಕ್ತದಲ್ಲಿ ಒಂದೆರಡು ನಿಮಿಷದಲ್ಲಿ ಅರ್ಧಕ್ಕಿಳಿಯುತ್ತದೆ. ಅದರ ಮಾರ್ಪಾಟಾದ ಲಿರಾಗ್ಲುಟೈಡ್ ಎಂಬ ಮಧುಮೇಹದ ಚುಚ್ಚುಮದ್ದಿಗೆ ಪಾಲ್ಮಿಟಿಕ್ ಆಮ್ಲ ಜೋಡಿಸಿದ್ದಾರೆ. ಆ ಬಾಲ ರಕ್ತದ ಆಲ್ಬುಮಿನ್ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಔಷಧ ಅರ್ಧಕ್ಕಿಳಿಯಲು ಸುಮಾರು 13 ಗಂಟೆ ಬೇಕು. ಸೆಮಾಗ್ಲುಟೈಡ್‌ನಲ್ಲಿ 18 ಇಂಗಾಲದ ಬಾಲ, ಹಾಗಾಗಿ ವಾರಕ್ಕೊಂದು ಚುಚ್ಚುಮದ್ದು ಸಾಕು. ಸಂದೇಶಗಳು ಹೆದರಿಸುವ ಆಮ್ಲವೇ ಇಲ್ಲಿ ಮಧುಮೇಹಿಗಳ ಕೆಲಸಕ್ಕೆ ಬಂದಿದೆ.

ಗೊಂದಲದ ಬೆಲೆ ತೆರುವವರು

ಆರೋಗ್ಯವಂತರ ಮನೆಯಲ್ಲಿ ಈ ಗೊಂದಲದಿಂದ ಹೆಚ್ಚೇನೂ ಆಗದು. ಬೇರೆ ಎಣ್ಣೆ ತರುತ್ತಾರೆ, ಕರಿದದ್ದು ಕಡಿಮೆ ಮಾಡುತ್ತಾರೆ, ಅದು ಒಳ್ಳೆಯದೇ. ಕಷ್ಟವಿರುವುದು ಕ್ಯಾನ್ಸರ್ ರೋಗಿಗಳ ಮನೆಯಲ್ಲಿ. ಕೀಮೋಥೆರಪಿ ನಡೆಯುವಾಗ ಹಸಿವು ಸತ್ತಿರುತ್ತದೆ, ಬಾಯಿಯಲ್ಲಿ ಹುಣ್ಣು, ತಿಂದದ್ದು ಎರಡು ತುತ್ತು. ಆ ಎರಡು ತುತ್ತಿನಿಂದಲೂ ‘ಕೊಬ್ಬು ಕ್ಯಾನ್ಸರಿಗೆ ಮೇವು’ ಎಂದು ಎಣ್ಣೆ, ತುಪ್ಪ, ಹಾಲು ತೆಗೆದರೆ ತೂಕ ಇಳಿಯುತ್ತದೆ. ತೂಕ ಇಳಿದರೆ ಚಿಕಿತ್ಸೆ ತಾಳುವ ಶಕ್ತಿ ಕುಗ್ಗುತ್ತದೆ, ಕೆಲವೊಮ್ಮೆ ಔಷಧದ ಪ್ರಮಾಣವನ್ನೇ ಇಳಿಸಬೇಕಾಗುತ್ತದೆ. ಇತ್ತ ಅನೇಕ ಬಗೆಯ ಗಡ್ಡೆಗಳಲ್ಲಿ ಪಾಲ್ಮಿಟಿಕ್ ಆಮ್ಲ ತಯಾರಿಸುವ ಕಿಣ್ವ ಮಾಮೂಲಿಗಿಂತ ಹೆಚ್ಚಿರುತ್ತದೆ. ತಟ್ಟೆಯಲ್ಲಿ ಎಣ್ಣೆ ಇಲ್ಲದಿದ್ದರೂ ಅವು ಸಕ್ಕರೆಯಿಂದಲೇ ಅದನ್ನು ಮಾಡಿಕೊಳ್ಳುತ್ತವೆ, ಸೊರಗುವುದು ರೋಗಿ. ರೋಗಿಗೆ ಯಾವ ಕೊಬ್ಬು ಎಷ್ಟು ಎಂಬುದನ್ನು ಪ್ರತಿ ಭೇಟಿಯಲ್ಲೂ ತೂಕ ನೋಡಿ, ಚಿಕಿತ್ಸೆ ಕೊಡುವ ವೈದ್ಯರು ಮತ್ತು ಆಸ್ಪತ್ರೆಯ ಆಹಾರತಜ್ಞರು ಹೇಳಬೇಕು. ಮನೆಯವರು ಮೊಬೈಲಿನಲ್ಲಿ ಬಂದ ಸಂದೇಶವನ್ನು ಅವರಿಗೇ ತೋರಿಸಿ ಕೇಳಲಿ.